ಒಂದೇ ಆಪ್, ಮೂರು ದಾರಿ: ವೆಬ್‌ಎಕ್ಸ್‌ಆರ್, ಯೂನಿಟಿ, ರಿಯಾಲಿಟಿಕಿಟ್

ಹೋಲಿಕೆಗೆ ಆರಿಸಿಕೊಂಡ ಕೆಲಸ ಚಿಕ್ಕದು. ಎದುರಿನ ಮೇಜಿನ ಮೇಲೆ ಒಂದು 3ಡಿ ಮಾದರಿ ಕೂರಬೇಕು, ಬೆರಳು ಚಿವುಟಿ ಹಿಡಿದು ಅದನ್ನು ಸರಿಸಲು ಬರಬೇಕು, ಆಪ್ ಮುಚ್ಚಿ ಮತ್ತೆ ತೆರೆದರೂ ಅದು ಅಲ್ಲೇ ಸಿಗಬೇಕು. ಇದನ್ನೇ ಮೆಟಾದ ಹೆಡ್‌ಸೆಟ್ ಕ್ವೆಸ್ಟ್ 3ಕ್ಕೆ ವೆಬ್‌ಎಕ್ಸ್‌ಆರ್‌ನಲ್ಲೂ (ಬ್ರೌಸರ್‌ನಲ್ಲೇ ಎಆರ್, ವಿಆರ್ ಓಡಿಸುವ ವ್ಯವಸ್ಥೆ) ಗೇಮ್ ಎಂಜಿನ್ ಯೂನಿಟಿಯಲ್ಲೂ, ಆಪಲ್‌ನ ಹೆಡ್‌ಸೆಟ್ ವಿಷನ್ ಪ್ರೊಗೆ ಆಪಲ್‌ನದೇ ಸ್ವಿಫ್ಟ್‌ಯುಐ (ವಿಂಡೋ, ಬಟನ್‌ಗಳಿಗೆ) ಮತ್ತು ರಿಯಾಲಿಟಿಕಿಟ್‌ನಲ್ಲೂ (3ಡಿಗೆ) ಕಟ್ಟಿ ನೋಡಲಾಯಿತು.

ಮೊದಲ ದಿನವೇ ಫಲ ಕೊಡುವುದು ವೆಬ್‌ಎಕ್ಸ್‌ಆರ್. ಕೋಡ್ ಉಳಿಸಿ, ಹೆಡ್‌ಸೆಟ್‌ನ ಬ್ರೌಸರ್‌ನಲ್ಲಿ ಪುಟ ರಿಫ್ರೆಶ್ ಮಾಡಿದರೆ ಬದಲಾವಣೆ ಕಣ್ಣೆದುರಿಗಿರುತ್ತದೆ. ಆದರೆ ಪುಟ ಎಚ್‌ಟಿಟಿಪಿಎಸ್‌ನಲ್ಲಿ ಇರಲೇಬೇಕು. ಕಂಪ್ಯೂಟರಿನ ಐಪಿ ವಿಳಾಸವನ್ನು ಹಾಗೇ ಟೈಪ್ ಮಾಡಿ ತೆರೆದರೆ ಎಕ್ಸ್‌ಆರ್ ಬಟನ್ ಕೆಲಸ ಮಾಡದು. ಇದಕ್ಕೆ ಸರ್ಟಿಫಿಕೇಟಿನ ಗೋಜು ಬೇಡ. ಡೆವಲಪರ್ ಮೋಡ್ ಆನ್ ಮಾಡಿ, ಯುಎಸ್‌ಬಿ ಕೇಬಲ್ ಜೋಡಿಸಿ, ಟರ್ಮಿನಲ್‌ನಲ್ಲಿ ‘ಎಡಿಬಿ ರಿವರ್ಸ್ ಟಿಸಿಪಿ:8080 ಟಿಸಿಪಿ:8080’ ಕೊಟ್ಟರೆ ಸಾಕು, ಹೆಡ್‌ಸೆಟ್‌ನ 8080 ಪೋರ್ಟ್ ಕಂಪ್ಯೂಟರಿನ ಸರ್ವರ್‌ಗೆ ಜೋಡಣೆಯಾಗುತ್ತದೆ. ಹೆಡ್‌ಸೆಟ್‌ನಲ್ಲಿ ಲೋಕಲ್‌ಹೋಸ್ಟ್ ತೆರೆದಾಗ ಬ್ರೌಸರ್ ಅದನ್ನು ಸುರಕ್ಷಿತ ಎಂದೇ ಒಪ್ಪುತ್ತದೆ. ತ್ರೀ.ಜೆಎಸ್ ಎಂಬ 3ಡಿ ಜಾವಾಸ್ಕ್ರಿಪ್ಟ್ ಲೈಬ್ರರಿ ಬಳಸುವವರು ಎಡವುವ ಇನ್ನೊಂದು ಜಾಗವಿದೆ: ವಿಂಡೋದ ‘ರಿಕ್ವೆಸ್ಟ್‌ಅನಿಮೇಷನ್‌ಫ್ರೇಮ್’ನಲ್ಲೇ ಚಿತ್ರ ಬಿಡಿಸುತ್ತಿದ್ದರೆ ಎಕ್ಸ್‌ಆರ್ ಸೆಷನ್ ಶುರುವಾದ ಮೇಲೆ ಏನೂ ಕಾಣದು. ರೆಂಡರರ್‌ನ ‘ಸೆಟ್‌ಅನಿಮೇಷನ್‌ಲೂಪ್’ಗೆ ಬದಲಾಯಿಸಬೇಕು.

ವೆಬ್‌ಎಕ್ಸ್‌ಆರ್ ಸೋಲುವುದು ಬೇರೆ ಕಡೆ. ಕ್ವೆಸ್ಟ್ ಬ್ರೌಸರ್‌ನಲ್ಲಿ ‘ಇಮ್ಮರ್ಸಿವ್-ಎಆರ್’ (ನಿಜವಾದ ಕೋಣೆಯ ಮೇಲೆ ಚಿತ್ರ ಕೂರಿಸುವ ಬಗೆ) ಸರಾಗವಾಗಿ ಓಡುತ್ತದೆ. ವಿಷನ್ ಪ್ರೊದ ಸಫಾರಿಯಲ್ಲಿ ದಾರಿ ಇರುವುದು ‘ಇಮ್ಮರ್ಸಿವ್-ವಿಆರ್’ (ಕೋಣೆ ಪೂರ್ತಿ ಮರೆಯಾಗುವ ಬಗೆ) ಒಂದಕ್ಕೆ. ಅಂದರೆ ನಿಜವಾದ ಕೋಣೆಯ ಮೇಲೆ ಮಾದರಿ ಕೂರಿಸುವ ಈ ಆಪ್ ಅಲ್ಲಿ ದಾಟುವುದಿಲ್ಲ. ‘ಒಮ್ಮೆ ಬರೆದರೆ ಎಲ್ಲೆಡೆ ಓಡುತ್ತದೆ’ ಎಂಬ ಮಾತನ್ನು ನಂಬಿ ಯೋಜನೆ ಹಾಕಬೇಡಿ.

ಯೂನಿಟಿಯಲ್ಲಿ ಪ್ರತಿ ಸಲವೂ ಬಿಲ್ಡ್‌ಗೆ ಕಾಯಬೇಕು, ಆ ಬೆಲೆ ಸಣ್ಣದಲ್ಲ. ಆದರೂ ಕ್ವೆಸ್ಟ್‌ನ ಸ್ಟೋರ್‌ಗೆ ಹೋಗುವ ಆಪ್ ಆದರೆ ನಮ್ಮ ಆಯ್ಕೆ ಇದೇ. ಐಎಲ್2ಸಿಪಿಪಿ, ಎಆರ್‌ಎಂ64, ವಲ್ಕನ್, ಓಪನ್‌ಎಕ್ಸ್‌ಆರ್ ಎಂಬ ಬಿಲ್ಡ್ ಮತ್ತು ಗ್ರಾಫಿಕ್ಸ್ ಆಯ್ಕೆಗಳಿಷ್ಟನ್ನು ಮೊದಲೇ ಹೊಂದಿಸಿಡಿ. ಹೊಸಬರಿಗೆ ಎದುರಾಗುವ ಮೊದಲ ಪೀಡೆ, ಕೋಣೆ ಕಾಣಬೇಕಾದ ಕಡೆ ಬರೀ ಕಪ್ಪು. ಪಾಸ್‌ಥ್ರೂ ಚಿತ್ರ (ಹೆಡ್‌ಸೆಟ್‌ನ ಕ್ಯಾಮೆರಾ ತೋರಿಸುವ ಕೋಣೆ) ಆಪ್‌ನ ಚಿತ್ರದ ಹಿಂದಿನ ಪದರದಲ್ಲಿರುತ್ತದೆ. ಮುಂದಿನ ಪದರದ ಆಲ್ಫಾ (ಬಣ್ಣ ಎಷ್ಟು ಗಟ್ಟಿ ಎಂಬ ಅಳತೆ) ಪೂರ್ತಿಗಿಂತ ಕಡಿಮೆ ಇದ್ದ ಕಡೆ ಮಾತ್ರ ಅದು ಇಣುಕುತ್ತದೆ, ಸೊನ್ನೆ ಇದ್ದರೆ ಪೂರ್ತಿ ಕಾಣುತ್ತದೆ. ಕ್ಯಾಮೆರಾದ ಬ್ಯಾಕ್‌ಗ್ರೌಂಡ್ ಸ್ಕೈಬಾಕ್ಸ್ (ಆಕಾಶದ ಚಿತ್ರ) ಆಗಿದ್ದರೆ ಸಾಲಿಡ್ ಕಲರ್ ಮಾಡಿ, ಬಣ್ಣದ ಆಲ್ಫಾವನ್ನು 0ಗೆ ಇಳಿಸಿ. ಇಷ್ಟಾದರೂ ಕಪ್ಪೇ ಇದ್ದರೆ ಪೋಸ್ಟ್ ಪ್ರೊಸೆಸಿಂಗ್ (ಚಿತ್ರ ಬಿಡಿಸಿದ ಮೇಲೆ ಸೇರಿಸುವ ಎಫೆಕ್ಟ್‌ಗಳು) ಮತ್ತು ಎಚ್‌ಡಿಆರ್ ಆಫ್ ಮಾಡಿ ನೋಡಿ, ಆಲ್ಫಾವನ್ನು ನುಂಗುವುದು ಸಾಮಾನ್ಯವಾಗಿ ಅವೇ. ವೇಗಕ್ಕೂ ಅವು ಮುಳ್ಳು. 72 ಹರ್ಟ್ಸ್‌ನಲ್ಲಿ ಒಂದು ಫ್ರೇಮಿಗೆ ಸಿಗುವುದು 13.9 ಮಿಲಿಸೆಕೆಂಡ್, 90ರಲ್ಲಿ 11.1 ಮಾತ್ರ. ಪೂರ್ಣ ಪರದೆಯ ಒಂದು ಎಫೆಕ್ಟ್ ಅದರಲ್ಲಿ ದೊಡ್ಡ ಪಾಲನ್ನೇ ತಿಂದುಬಿಡುತ್ತದೆ. ಅಂಚುಗಳನ್ನು ನಯಗೊಳಿಸುವ 4ಎಕ್ಸ್ ಎಂಎಸ್‌ಎಎ ಹೆಡ್‌ಸೆಟ್‌ನಂಥ ಮೊಬೈಲ್ ಜಿಪಿಯುಗಳಲ್ಲಿ ಅಗ್ಗ, ಅದನ್ನು ಧೈರ್ಯವಾಗಿ ಇಟ್ಟುಕೊಳ್ಳಬಹುದು.

ಕ್ವೆಸ್ಟ್‌ನಲ್ಲಿ ಆಪ್ ಕೋಣೆಯ ಮೇಲ್ಮೈಗಳನ್ನು ಹುಡುಕಿದಾಗ ಮೇಜು ಸಿಗದೆ ಖಾಲಿ ಪಟ್ಟಿ ಬಂದರೆ ಕೋಡ್ ಕೆದಕುವ ಮೊದಲು ಎರಡು ವಿಷಯ ನೋಡಿ: ಆ ಕೋಣೆಯ ಸ್ಪೇಸ್ ಸೆಟಪ್ (ಗೋಡೆ, ಮೇಜುಗಳನ್ನು ಹೆಡ್‌ಸೆಟ್‌ಗೆ ಗುರುತಿಸಿಕೊಡುವ ಹಂತ) ಮುಗಿದಿದೆಯೇ, ಸ್ಪೇಷಿಯಲ್ ಡೇಟಾದ ಅನುಮತಿ ಕೊಟ್ಟಿದ್ದೀರಾ?

ರಿಯಾಲಿಟಿಕಿಟ್‌ಗೆ ಆಪಲ್ ಸಿಲಿಕಾನ್ ಇರುವ ಮ್ಯಾಕ್ ಮತ್ತು ಎಕ್ಸ್‌ಕೋಡ್ ಬೇಕು. ವಿಂಡೋ, ಬಟನ್, ಪಟ್ಟಿ ಇವೇ ಹೆಚ್ಚಿರುವ ಆಪ್ ಆದರೆ ಇದಕ್ಕೆ ಸಾಟಿಯಿಲ್ಲ. ಅಕ್ಷರಗಳು ಕಣ್ಣಿಗೆ ತಂಪೆನಿಸುವಷ್ಟು ಸ್ಪಷ್ಟ. ಆದರೆ ಮಾದರಿಯನ್ನು ಎಷ್ಟು ಚಿವುಟಿದರೂ ಅದು ಅಲುಗದೆ, ಎರರ್ ಕೂಡ ಬಾರದೆ ಇರುವುದುಂಟು. ಎಂಟಿಟಿಗೆ (ದೃಶ್ಯದಲ್ಲಿನ ವಸ್ತು, ಇಲ್ಲಿ ನಮ್ಮ ಮಾದರಿ) ‘ಇನ್‌ಪುಟ್‌ಟಾರ್ಗೆಟ್‌ಕಾಂಪೊನೆಂಟ್’, ‘ಕೊಲಿಷನ್‌ಕಾಂಪೊನೆಂಟ್’ ಎರಡೂ ಇರಬೇಕು, ಒಂದು ಬಿಟ್ಟರೂ ಸನ್ನೆ ಮುಟ್ಟುವುದಿಲ್ಲ. ಎಳೆದಾಗ ಮಾದರಿ ಎಲ್ಲೋ ಹಾರಿಹೋದರೆ ಅಳತೆ ತಪ್ಪಿದೆ ಎಂದರ್ಥ: ಸ್ವಿಫ್ಟ್‌ಯುಐ ಎಣಿಸುವುದು ಪಾಯಿಂಟ್‌ಗಳಲ್ಲಿ, ರಿಯಾಲಿಟಿಕಿಟ್ ಮೀಟರ್‌ಗಳಲ್ಲಿ. ಸನ್ನೆಯಿಂದ ಬರುವ ಸ್ಥಾನದ ಅಂಕಿಗಳನ್ನು ‘ಕನ್ವರ್ಟ್’ ಮೂಲಕ ಎಂಟಿಟಿಯ ಪೇರೆಂಟ್‌ಗೆ ಹೊಂದಿಸಿ. ಕೈ, ಸಮತಲಗಳ ಜಾಡು ಹಿಡಿಯುವ ಎಆರ್‌ಕಿಟ್‌ನ ಮಾಹಿತಿ ಫುಲ್ ಸ್ಪೇಸ್‌ನಲ್ಲಿ (ಬೇರೆ ಆಪ್‌ಗಳು ಮರೆಯಾಗಿ ನಮ್ಮ ಆಪ್ ಒಂದೇ ಇರುವ ಸ್ಥಿತಿ) ಮಾತ್ರ ಸಿಗುತ್ತದೆ. ಸಿಮ್ಯುಲೇಟರ್ ಕೈಗಳ ಮಾಹಿತಿ ಕೊಡುವುದಿಲ್ಲ, ಹಾಗಾಗಿ ಆ ಭಾಗವನ್ನು ಸಾಧನವಿಲ್ಲದೆ ಪರೀಕ್ಷಿಸಲಾಗದು. ಬಳಕೆದಾರರು ಎಲ್ಲಿ ನೋಡುತ್ತಿದ್ದಾರೆಂಬುದನ್ನೂ ಆಪ್‌ಗೆ ತಿಳಿಸುವುದಿಲ್ಲ. ಈ ಕಟ್ಟುಪಾಡು ನಮಗೆ ಸರಿಯೆನಿಸುತ್ತದೆ.

ಜಾಗ ನೆನಪಿಡುವುದರಲ್ಲಿ ರಿಯಾಲಿಟಿಕಿಟ್ ದಾರಿಯೇ ಹಗುರ, ವರ್ಲ್ಡ್ ಆಂಕರ್‌ಗಳನ್ನು (ಕೋಣೆಯ ಒಂದು ಜಾಗದ ಗುರುತು) ಸಿಸ್ಟಮ್ ತಾನೇ ಉಳಿಸುತ್ತದೆ. ಯಾವ ಆಂಕರ್‌ಗೆ ಯಾವ ಮಾದರಿ ಎಂಬ ಲೆಕ್ಕ ಮಾತ್ರ ನಮ್ಮದು. ಯೂನಿಟಿಯಲ್ಲಿ ಆಂಕರ್ ಉಳಿಸಿ, ಅದರ ಯುಯುಐಡಿ (ಗುರುತಿನ ಸಂಖ್ಯೆ) ಬರೆದಿಟ್ಟು, ಮುಂದಿನ ಸಲ ಲೋಡ್ ಮಾಡಿ, ಲೋಕಲೈಸ್ ಆಗುವವರೆಗೆ (ಹೆಡ್‌ಸೆಟ್ ಆ ಜಾಗವನ್ನು ಗುರುತು ಹಿಡಿಯುವವರೆಗೆ) ಕಾದು, ಆಮೇಲೆ ಮಾದರಿ ತೋರಿಸಬೇಕು. ಕಾಯದೆ ತೋರಿಸಿದರೆ ಅದು ಮೇಜಿನ ಬದಲು ಗಾಳಿಯಲ್ಲಿ ತೇಲುತ್ತದೆ.

ಪಾರದರ್ಶಕ ಗಾಜಿನ ಕನ್ನಡಕಕ್ಕೆ ಇದೇ ಆಪ್ ಒಯ್ಯುವುದಾದರೆ ವಿನ್ಯಾಸವನ್ನೇ ಬದಲಿಸಿ. ಅಲ್ಲಿನ ಪರದೆ ಬೆಳಕನ್ನು ಸೇರಿಸಬಲ್ಲದು, ತೆಗೆಯಲಾರದು. ಕಪ್ಪು ಹಲಗೆಯ ಮೇಲಿನ ಬಿಳಿ ಅಕ್ಷರದಲ್ಲಿ ಹಲಗೆ ಮಾಯವಾಗಿ ಅಕ್ಷರ ಮಾತ್ರ ಉಳಿಯುತ್ತದೆ, ಮಾದರಿಯ ಕೆಳಗಿನ ನೆರಳು ಕಾಣುವುದೇ ಇಲ್ಲ. ನೆರಳಿನ ಬದಲು ಬುಡದ ಸುತ್ತ ತೆಳುವಾದ ಬೆಳಕಿನ ಗೆರೆ ಎಳೆದರೆ ಮಾದರಿ ಮೇಜಿಗೆ ಅಂಟಿದಂತೆ ಕಾಣುತ್ತದೆ.