ತಣ್ಣೀರುಬಾವಿ ಉಪ್ಪುನೀರಲ್ಲಿ ಹದಿನಾಲ್ಕು ತಿಂಗಳು ಬಾಳಿದ ಟ್ರಯಾಥ್ಲಾನ್ ವಾಚು

ಮೊದಲೇ ಹೇಳ್ತೇನೆ, ಕಂಪೆನಿ ಹೆಸರು ಹಾಕುದಿಲ್ಲ, ಯಾಕಂದ್ರೆ ಸರ್ವಿಸ್‌ನವರ ಜೊತೆ ನಂದೊಂದು ಸಣ್ಣ ಜಗಳ ಉಂಟು, ಅದು ಕೊನೆಗೆ ಬರ್ತದೆ. ನಿಮಗೆ ಇಷ್ಟು ಗೊತ್ತಿದ್ರೆ ಸಾಕು: ಐದು ಬಟನ್ ಇರುವ, ಟಚ್ ಇಲ್ಲದ, ಮಧ್ಯಮ ರೇಟಿನ ಜಿಪಿಎಸ್ ಮಲ್ಟಿಸ್ಪೋರ್ಟ್ ವಾಚು, ಟ್ರಯಾಥ್ಲಾನಿನ ಈಜು ಸೈಕಲ್ ಓಟ ಮೂರನ್ನೂ ಒಂದೇ ಆಕ್ಟಿವಿಟಿಯಲ್ಲಿ ರೆಕಾರ್ಡ್ ಮಾಡುವಂಥದ್ದು. ದುಬೈಯಿಂದ ಭಾವ ಬರುವಾಗ ತಂದದ್ದು, ನಮ್ಮ ದುಡ್ಡಲ್ಲಿ 42 ಸಾವಿರದ ಹತ್ತಿರ ಆಯ್ತು. ಏರ್‌ಪೋರ್ಟಿಂದ ಬರುವಾಗ ಕಾರಲ್ಲೇ ಭಾವ ಕೇಳಿದ್ರು, "ಎಂತ ಮಾರಾಯ, ಟೈಮ್ ನೋಡ್ಲಿಕ್ಕೆ ಮೊಬೈಲ್ ಇಲ್ವಾ ನಿನ್ನತ್ರ?" ಆಗ ನನ್ನತ್ರ ಉತ್ತರ ಇರ್ಲಿಲ್ಲ. ಈಗ ಉಂಟು, ಆದ್ರೆ ಅಂಗಡಿಯವರು ಹೇಳುವ ಉತ್ತರ ಅಲ್ಲ ಅದು.

ಟಚ್ ಯಾಕೆ ಬೇಡ ಅಂದ್ರೆ ನಮ್ಮ ಸೆಕೆ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಆರಕ್ಕೆ ಮಂಗಳೂರಿನ ಮಂಗಳಾ ಸ್ಟೇಡಿಯಂನಲ್ಲಿ ಎರಡು ರೌಂಡ್ ಓಡಿದ್ರೆ ಕೈಯಿಂದ ನೀರು ಇಳಿತದೆ, ಆ ಬೆವರಿಗೆ ಟಚ್ ಸ್ಕ್ರೀನ್ ತನ್ನಷ್ಟಕ್ಕೇ ಪುಟ ತಿರುಗಿಸ್ತಾ ಇರ್ತದೆ. ನಮ್ಮ ಜೊತೆ ಈಜುವ ಒಬ್ಬ ಹುಡುಗನ ಟಚ್ ವಾಚು ಸಮುದ್ರದಲ್ಲಿ ಅಲೆ ಬಡಿದು ಬಡಿದು ಆಕ್ಟಿವಿಟಿಯನ್ನೇ ಅರ್ಧದಲ್ಲಿ ನಿಲ್ಲಿಸಿಬಿಟ್ಟಿತ್ತು, ಪಾಪ ಅವ ಒಂದೂಕಾಲು ಕಿಲೋಮೀಟರ್ ಈಜಿ ಬಂದ್ರೆ ಅದ್ರಲ್ಲಿ 310 ಮೀಟರ್. ಬಟನ್ನೇ ಸರಿ.

ಆದ್ರೆ ಬಟನ್ ಇದ್ರೆ ಸಾಕಾಗುದಿಲ್ಲ, ಒತ್ತಲೂ ಬೇಕು. ಮಲ್ಟಿಸ್ಪೋರ್ಟ್ ಮೋಡ್ ಅಂದ್ರೆ ಇಷ್ಟೇ, ಈಜು ಮುಗಿದ ಕೂಡ್ಲೇ ಲ್ಯಾಪ್ ಬಟನ್ ಒಂದು ಸಲ ಒತ್ತಿದ್ರೆ ಟಿ1 ಅಂದ್ರೆ ಬಟ್ಟೆ ಶೂ ಬದಲಿಸುವ ಟೈಮು ಶುರು, ಸೈಕಲ್ ಹತ್ತುವಾಗ ಮತ್ತೊಂದು ಸಲ, ಇಳಿಯುವಾಗ ಒಂದು, ಓಡ್ಲಿಕ್ಕೆ ಶುರು ಮಾಡುವಾಗ ಒಂದು. ಕೇಳ್ಲಿಕ್ಕೆ ಸುಲಭ. ನಾನು ಮೊದಲ ಸಲ ನಮ್ಮ ತಣ್ಣೀರುಬಾವಿ ಬೀಚಲ್ಲಿ ಸ್ಪ್ರಿಂಟ್ ಅಂದ್ರೆ ಟ್ರಯಾಥ್ಲಾನಿನ ಸಣ್ಣ ದೂರ ಟ್ರೈ ಮಾಡಿದ್ದು, 750 ಮೀಟರ್ ಈಜು, 20 ಕಿಮೀ ಸೈಕಲ್, 5 ಕಿಮೀ ಓಟ. ನೀರಿಂದ ಎದ್ದು ಬಂದೆ, ತಲೆ ತಿರುಗ್ತಾ ಇತ್ತು, ಮೂಗಲ್ಲಿ ಉಪ್ಪುನೀರು, ಕಾಲಿಗೆ ಮೆತ್ತಿದ ಹೊಯ್ಗೆ ತೊಳಿಬೇಕು, ಶೂ ಹಾಕ್ಬೇಕು, ಹೆಲ್ಮೆಟ್ ಎಲ್ಲಿಟ್ಟೆ ಅಂತ ಹುಡುಕ್ಬೇಕು, ಈ ಗಡಿಬಿಡಿಯಲ್ಲಿ ವಾಚು ಮರ್ತೇ ಹೋಯ್ತು. ಸೈಕಲ್ ಮುಗಿಸಿ ಇಳಿಯುವಾಗ ನೆನಪಾಗಿ ಒತ್ತಿದೆ. ಅದಕ್ಕೆ ಆಗ ಟಿ1 ಶುರು. ಮತ್ತೆ ಒತ್ತಿದೆ, ಸೈಕಲ್ ಶುರು. ಮನೆಗೆ ಬಂದು ಆ್ಯಪ್ ನೋಡಿದ್ರೆ ನಾನು ಅರಬ್ಬಿ ಸಮುದ್ರದಲ್ಲಿ 20 ಕಿಲೋಮೀಟರ್ ಚಿಲ್ರೆ ಈಜಿದ್ದೇನೆ, ಕೆಲವು ಕಡೆ ಗಂಟೆಗೆ 27 ಕಿಮೀ ಸ್ಪೀಡಲ್ಲಿ, ಮತ್ತೆ ಸೈಕಲನ್ನು ಓಡುವ ಸ್ಪೀಡಲ್ಲಿ 5 ಕಿಲೋಮೀಟರ್ ಬಿಟ್ಟಿದ್ದೇನೆ. ಫ್ರೆಂಡ್ಸ್ ಗ್ರೂಪಿಗೆ ಹೋಗಿ ಆಗಿತ್ತು ಅಷ್ಟರಲ್ಲಿ. ಅದನ್ನು ಅಳಿಸ್ಲಿಕ್ಕೆ ಆಗ್ತದೆ, ಆದ್ರೆ ತುಂಡು ಮಾಡಿ ಸರಿ ಮಾಡ್ಲಿಕ್ಕೆ ನನಗೆ ಇವತ್ತಿನವರೆಗೂ ಆಗ್ಲಿಲ್ಲ. ಅದರ ನಂತರ ಮನೆ ಅಂಗಳದಲ್ಲಿ ಬಾಲ್ದಿ ನೀರಲ್ಲಿ ಕೈ ಅದ್ದಿ, ಎದ್ದು, ಬಟನ್ ಒತ್ತಿ, ಹೆಲ್ಮೆಟ್ ಹಾಕಿ ಪ್ರಾಕ್ಟೀಸ್ ಮಾಡಿದೆ, ಪಕ್ಕದ ಮನೆಯವರು ಎಂತ ತಿಳ್ಕೊಂಡ್ರೋ ದೇವರಿಗೇ ಗೊತ್ತು.

ಇನ್ನು ಸಮುದ್ರದಲ್ಲಿ ಜಿಪಿಎಸ್. ಇದರ ಬಗ್ಗೆ ತುಂಬ ಜನ ಪೊಕ್ಕಡೆ ವಾಚಿಗೆ ಬೈತಾರೆ. ಜಿಪಿಎಸ್ ಸಿಗ್ನಲ್ ನೀರೊಳಗೆ ಬರುದೇ ಇಲ್ಲ. ಫ್ರೀಸ್ಟೈಲಲ್ಲಿ ಕೈ ನೀರಿಂದ ಮೇಲೆ ಬರುವ ಅಷ್ಟು ಹೊತ್ತಲ್ಲಿ ಅದು ಸ್ಯಾಟಲೈಟ್ ಹಿಡಿದು ಒಂದು ಚುಕ್ಕೆ ಹಾಕ್ಬೇಕು, ಮತ್ತೆ ಕೈ ಮುಳುಗ್ತದೆ. ಹಾಗಾಗಿ ಮ್ಯಾಪಲ್ಲಿ ನೋಡಿದ್ರೆ ಕುಡಿದವ ನಡೆದ ಹಾಗೆ ಗೆರೆ. ಬ್ರೆಸ್ಟ್‌ಸ್ಟ್ರೋಕಲ್ಲಿ ಕೈ ಮೇಲೆ ಬರುದೇ ಕಡಿಮೆ, ಅದ್ರಲ್ಲಿ ಕೇಳುದೇ ಬೇಡ. ಗೆರೆ ನೆಟ್ಟಗೆ ಬೇಕಾದ್ರೆ ಒಂದು ಹಳೇ ಉಪಾಯ ಉಂಟು, ವಾಚನ್ನು ತಲೆ ಹಿಂದೆ ಸ್ವಿಮ್ ಕ್ಯಾಪ್ ಒಳಗೆ ಸಿಕ್ಕಿಸುದು, ತಲೆ ಹೆಚ್ಚು ಹೊತ್ತು ಮೇಲೇ ಇರ್ತದಲ್ಲ. ನಾನು ಎರಡು ಸಲ ಮಾಡಿ ನೋಡಿದೆ, ಗೆರೆ ಲಾಯ್ಕ ಬಂತು, ಆದ್ರೆ ಈಜುವಾಗ ಟೈಮ್ ನೋಡ್ಲಿಕ್ಕೆ ಆಗುದಿಲ್ಲ, ಸ್ಟ್ರೋಕ್ ಲೆಕ್ಕ ಪೂರ್ತಿ ಹಾಳು, ಮತ್ತೆ ಅಲೆಗೆ ಕ್ಯಾಪ್ ಜಾರಿದ್ರೆ 42 ಸಾವಿರ ಬಂಗುಡೆಗೆ.

ನನಗೆ ವಾಚಿನ ಮೇಲೆ ನಿಜವಾಗಿ ಬುದ್ಧಿ ಬಂದದ್ದು ಒಬ್ಬರು ಹಿರಿಯ ಮೊಗವೀರರಿಂದ. ಜನವರಿಯಲ್ಲಿ ಒಂದು ದಿನ ದಡದ ಉದ್ದಕ್ಕೇ ತೆಂಕು ದಿಕ್ಕಿಗೆ ಈಜಿದೆ, 100 ಮೀಟರಿಗೆ 1 ನಿಮಿಷ 42 ಸೆಕೆಂಡ್ ತೋರಿಸ್ತಾ ಉಂಟು. ಪೂಲಲ್ಲಿ ನನ್ನದು 2:10. ನಾನು ಖುಷಿಯಲ್ಲಿ ಹಾರ್ತಾ ಇದ್ದೇನೆ. ತಿರುಗಿ ವಾಪಸ್ ಬರುವಾಗ 2:55, ಕೈ ಸೋತು ಹೋಯ್ತು, ದಡ ಹತ್ತಿರ ಬರುದೇ ಇಲ್ಲ. ಮೇಲೆ ಬಂದ್ರೆ ಬಲೆ ಸರಿ ಮಾಡ್ತಾ ಕೂತಿದ್ದ ಅವರು ತಲೆ ಎತ್ತದೆ ಹೇಳಿದ್ರು, "ನೀರು ತೆಂಕಿಗೆ ಎಳಿತಾ ಉಂಟಲ್ಲ, ಇಳಿಯುವ ಮೊದ್ಲು ನೋಡ್ಲಿಲ್ವಾ ನೀವು?" ಒಂದು ತೆಂಗಿನ ಸಿಪ್ಪೆ ಹೇಗೆ ಹೋಗ್ತದೆ ನೋಡಿ ಅಂತ ಬೆರಳು ತೋರಿಸಿದ್ರು. ಹೌದು, ಸಿಪ್ಪೆ ಮೆಲ್ಲಗೆ ತೆಂಕಿಗೇ ಹೋಗ್ತಾ ಇತ್ತು. ವಾಚು ಅಳೆಯುದು ನೆಲದ ಲೆಕ್ಕ, ನೀರಿನ ಲೆಕ್ಕ ಅಲ್ಲ. ಎಳೆತದ ಜೊತೆ ಹೋದ್ರೆ ನಿಮ್ಮ ಬೆನ್ನು ತಟ್ಟುತ್ತದೆ, ಎದುರು ಹೋದ್ರೆ ಬೈತದೆ, ಎರಡೂ ಸುಳ್ಳು. ಅವತ್ತಿಂದ ನಾನು ಇಳಿಯುವ ಮೊದ್ಲು ಐದು ನಿಮಿಷ ದಡದಲ್ಲಿ ನಿಂತು ಸಿಪ್ಪೆಯೋ ಕಡ್ಡಿಯೋ ನೋಡ್ತೇನೆ, ಮೊದ್ಲು ಎಳೆತಕ್ಕೆ ಎದುರು ಹೋಗ್ತೇನೆ, ಸುಸ್ತಾದಾಗ ವಾಪಸ್ ಬರ್ಲಿಕ್ಕೆ ಸುಲಭ ಆಗ್ಲಿ ಅಂತ. ಕಿತ್ತಳೆ ಬಣ್ಣದ, ಗಾಳಿ ತುಂಬಿದ ತೇಲುವ ಚೀಲ ಸೊಂಟಕ್ಕೆ ಕಟ್ಟದೆ ಇಳಿಯುದಿಲ್ಲ, ಒಬ್ಬನೇ ಅಂತೂ ಇಳಿಯುದೇ ಇಲ್ಲ. ಮಳೆಗಾಲದಲ್ಲಂತೂ ಕಡಲ ಸುದ್ದಿಯೇ ಬೇಡ, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳೇ ದಕ್ಕೆಯಲ್ಲಿ ಕಟ್ಟಿ ಇರ್ತವೆ, ನಮ್ಮದೆಂತ.

ಮಳೆಗಾಲಕ್ಕೆ ಎಮ್ಮೆಕೆರೆ ಪೂಲ್. ಪೂಲ್ ಮೋಡಲ್ಲಿ ಜಿಪಿಎಸ್ ಆಫ್ ಇರ್ತದೆ, ಕೈ ಬೀಸುವ ಮತ್ತೆ ಗೋಡೆ ತಳ್ಳುವ ಚಲನೆ ನೋಡಿ ಅದು ಲೆಕ್ಕ ಹಾಕುದು, ಪೂಲ್ ಎಷ್ಟು ಉದ್ದ ಅಂತ ನಾವೇ ಹೇಳ್ಬೇಕು. ನಾನು ಮೊದ್ಲು ಹೋಗ್ತಿದ್ದ ಬೇರೆ ಪೂಲಿನ 25 ಮೀಟರೇ ಇಟ್ಟುಕೊಂಡು 50 ಮೀಟರ್ ಪೂಲಲ್ಲಿ ಮೂರು ವಾರ ಈಜಿದೆ, ಇಷ್ಟು ನಿಧಾನ ಯಾಕಪ್ಪಾ ಆಗ್ತಾ ಉಂಟು ಅಂತ ಮಂಡೆಬಿಸಿ ಮಾಡ್ಕೊಂಡು. ಮಕ್ಕಳು ಅಡ್ಡ ಬಂದು ಮಧ್ಯದಲ್ಲಿ ನಿಂತ್ರೆ ಒಂದು ಲೆಂತ್ ಹೆಚ್ಚು ಹಿಡಿತದೆ. ಬೋರ್ಡ್ ಹಿಡಿದು ಬರೀ ಕಾಲು ಬಡಿದ್ರೆ ಲೆಕ್ಕಕ್ಕೇ ಇಲ್ಲ, ಅದಕ್ಕೆ ಡ್ರಿಲ್ ಮೋಡ್ ಬೇರೆ ಹಾಕ್ಬೇಕು. ಇಷ್ಟು ಗೊತ್ತಿದ್ರೆ ಪೂಲಲ್ಲಿ ಕಿರಿಕಿರಿ ಇಲ್ಲ.

ಓಟಕ್ಕೆ ದೂರದ ಲೆಕ್ಕ ಬಹಳ ಮಟ್ಟಿಗೆ ಸರಿ. ಇದು ಸ್ಯಾಟಲೈಟ್ ಸಿಗ್ನಲಿನ ಎಲ್1 ಮತ್ತು ಎಲ್5 ಎರಡೂ ಬ್ಯಾಂಡ್ ಹಿಡಿತದೆ, ಹಂಪನಕಟ್ಟೆಯ ಬಿಲ್ಡಿಂಗ್ ಮಧ್ಯೆ ಸಿಗ್ನಲ್ ಗೋಡೆಗೆ ಬಡಿದು ಬರುವಾಗ ಅದರ ಪ್ರಯೋಜನ ಗೊತ್ತಾಗ್ತದೆ, ನನ್ನ ಹಳೇ ವಾಚು ಅಲ್ಲಿ ನನ್ನನ್ನು ಬಿಲ್ಡಿಂಗ್ ಒಳಗಿಂದ ಓಡಿಸ್ತಿತ್ತು. ಸ್ಟೇಡಿಯಂ ಟ್ರ್ಯಾಕಲ್ಲಿ ಮಾತ್ರ 10 ರೌಂಡಿಗೆ 4.09 ಅಂತ ತೋರಿಸ್ತದೆ, ಆದ್ರೆ ಅದಕ್ಕೆ ಬೈಯುವ ಮೊದ್ಲು ಯಾವ ಲೇನಲ್ಲಿ ಓಡ್ತಿದ್ದೀರಿ ನೋಡಿ, 400 ಮೀಟರ್ ಅನ್ನುದು ಒಂದನೇ ಲೇನಿಗೆ, ಮೂರನೇ ಲೇನಲ್ಲಿ ರೌಂಡಿಗೆ ಸುಮಾರು 15 ಮೀಟರ್ ಹೆಚ್ಚೇ. ಮತ್ತೊಂದು, ಮನೆಯಿಂದ ಹೊರಡುವ ಮೊದ್ಲು ಮೊಬೈಲಿಗೆ ಸಿಂಕ್ ಮಾಡಿ. ಸ್ಯಾಟಲೈಟ್‌ಗಳು ಎಲ್ಲಿರ್ತವೆ ಅನ್ನುವ ಪಟ್ಟಿ ಅದಕ್ಕೆ ಮೊದ್ಲೇ ಸಿಕ್ಕಿದ್ರೆ ಐದಾರು ಸೆಕೆಂಡಲ್ಲಿ ಲಾಕ್ ಆಗ್ತದೆ, ಇಲ್ಲದಿದ್ರೆ ಆಕಾಶ ನೋಡ್ತಾ ಕೈ ಎತ್ತಿ ನಿಲ್ಲುದೇ.

ಈಗ ಹಾರ್ಟ್ ರೇಟ್, ನನಗೆ ಅತೀ ಹೆಚ್ಚು ಕೋಪ ಬರಿಸಿದ ವಿಷಯ. ಹಿಂಬದಿಯ ಹಸಿರು ಲೈಟು ಚರ್ಮದ ಕೆಳಗಿನ ರಕ್ತ ನೋಡಿ ಲೆಕ್ಕ ಹಾಕುದು. ಬೆವರಿಗೆ ವಾಚು ಜಾರ್ತದೆ, ಆಗ ಅದು ರಕ್ತ ಬಿಟ್ಟು ಹೆಜ್ಜೆಯ ಕುಲುಕಾಟವನ್ನೇ ಹಿಡಿತದೆ. ಕದ್ರಿ ಕಡೆ ಆರಾಮವಾಗಿ ಮಾತಾಡ್ತಾ ಓಡುವಾಗ ನನಗೆ 172 ತೋರಿಸ್ತಿತ್ತು, ನಾನು ಹೆದರಿ ನಡೆದೆ, ಆಮೇಲೆ ನೋಡಿದ್ರೆ ನಿಮಿಷಕ್ಕೆ ನನ್ನ ಹೆಜ್ಜೆಯೂ 172. ಆರೇಳು ಸಾವಿರ ಕೊಟ್ಟು ಎದೆಗೆ ಕಟ್ಟುವ ಬೆಲ್ಟ್ ತಕ್ಕೊಂಡ ನಂತರ ಈ ಸಮಸ್ಯೆ ಹೋಯ್ತು. ಬ್ಲೂಟೂತ್ ನೀರಲ್ಲಿ ಹೋಗುದಿಲ್ಲ, ಹಾಗಾಗಿ ಈಜುವಾಗ ತನ್ನೊಳಗೇ ಇಟ್ಟುಕೊಂಡು ಆಮೇಲೆ ವಾಚಿಗೆ ಕೊಡುವ ಬೆಲ್ಟ್ ನೋಡಿ ತಕ್ಕೊಳ್ಳಿ. ನನ್ನನ್ನು ಕೇಳಿದ್ರೆ ಒಂದು ಮಾಡೆಲ್ ಕೆಳಗಿನ ವಾಚು ತಕ್ಕೊಂಡು ಉಳಿದ ದುಡ್ಡಲ್ಲಿ ಬೆಲ್ಟ್ ತಕ್ಕೊಳ್ಳುದೇ ಜಾಣತನ. ಮ್ಯಾಪು, ಹಾಡು, ಕಾರ್ಡ್ ಪೇಮೆಂಟು ಎಲ್ಲ ನಾನು ಆಫ್ ಮಾಡಿಟ್ಟು ವರ್ಷ ಆಯ್ತು.

ಬೆಲ್ಟ್ ಬಂದ ಮೇಲೂ ಸೆಕೆಯ ಲೆಕ್ಕ ಬೇರೆಯೇ. ಡಿಸೆಂಬರಲ್ಲಿ 148ರಲ್ಲಿ ಓಡುವ ಸ್ಪೀಡಿಗೆ ಮೇಯಲ್ಲಿ ನನಗೆ 162 ಬೇಕು. ದೇಹ ತಂಪಾಗ್ಲಿಕ್ಕೆ ರಕ್ತವನ್ನು ಚರ್ಮಕ್ಕೆ ಕಳಿಸ್ತದೆ, ನಮ್ಮ ಊರಲ್ಲಿ ಬೆವರು ಆರುದೂ ಇಲ್ಲ, ಹೃದಯ ಹೆಚ್ಚು ಬಡಿಲೇಬೇಕು. ವಾಚಿಗೆ ಇದು ಪೂರ್ತಿ ಅರ್ಥ ಆಗುದಿಲ್ಲ, ಮಾರ್ಚಿಂದ ಮೇ ತನಕ ನನಗೆ ದಿನಾ "ಅನ್‌ಪ್ರೊಡಕ್ಟಿವ್", ಅಂದ್ರೆ ಪ್ರಾಕ್ಟೀಸ್ ಮಾಡಿ ಪ್ರಯೋಜನ ಆಗ್ತಾ ಇಲ್ಲ ಅಂತ ಸರ್ಟಿಫಿಕೇಟ್. ಮೊದ್ಲ ವರ್ಷ ಅದನ್ನು ನಂಬಿ ಇನ್ನೂ ಜೋರು ಓಡಿ ಕಾಲು ನೋವು ಮಾಡ್ಕೊಂಡೆ. ಈಗ ಬೇಸಗೆಯಲ್ಲಿ ಸ್ಪೀಡಿನ ಪುಟವನ್ನೇ ತೆಗೆದು ಬರೀ ಹಾರ್ಟ್ ರೇಟ್ ಮತ್ತು ಟೈಮ್ ಇಡ್ತೇನೆ, 150 ದಾಟಿದ್ರೆ ವೈಬ್ರೇಟ್ ಆಗ್ತದೆ, ನಾಚಿಕೆ ಬಿಟ್ಟು ನಡಿತೇನೆ. ಭಾವನಿಗೆ ಹೇಳ್ಬೇಕಾಗಿದ್ದ ಉತ್ತರ ಇದೇ, ನನ್ನನ್ನು ಓಡಿಸ್ಲಿಕ್ಕೆ ಅಲ್ಲ, ನಿಲ್ಲಿಸ್ಲಿಕ್ಕೆ ಬೇಕಿತ್ತು ಇದು. ಸುರತ್ಕಲ್‌ನಿಂದ ಉಡುಪಿ ತನಕ ಹೈವೇಯಲ್ಲಿ ಹೋಗಿ ಬರುವ ಲಾಂಗ್ ರೈಡಲ್ಲಂತೂ ಇದು ನೂರಕ್ಕೆ ನೂರು ಉಪಯೋಗಕ್ಕೆ ಬಂತು, ಹೋಗುವಾಗ ಜೋರು ಮೆಟ್ಟಿ ಬರುವಾಗ ಹೆಜಮಾಡಿ ಹತ್ರ ಬಿಸಿಲಿಗೆ ಕೂತು ಸೋಡಾ ಕುಡಿಯುವ ನನ್ನ ಹಳೇ ಚಾಳಿ ಬಿಟ್ಟುಹೋಯ್ತು. ಹಾಂ, ಹಾರ್ಟ್ ರೇಟಿನ ಝೋನ್ ಅಂದ್ರೆ ಮಟ್ಟಗಳನ್ನು ಹಾಕುವಾಗ, ಅತೀ ಹೆಚ್ಚಿನ ಬಡಿತಕ್ಕೆ 220ರಿಂದ ವಯಸ್ಸು ಕಳೆಯುವ ಲೆಕ್ಕ ಹಾಗೇ ಬಿಡ್ಬೇಡಿ. ನಂಗೆ 38, ಲೆಕ್ಕ ಪ್ರಕಾರ 182, ಗುಡ್ಡ ಹತ್ತಿ ಅಳೆದ್ರೆ 191 ಬಂತು.

ನಿದ್ದೆಯ ಮಾರ್ಕಿನ ಬಗ್ಗೆ ಒಂದೇ ಮಾತು. ರಾತ್ರಿ ಇಡೀ ಬಯಲಾಟ ನೋಡಿ ಬೆಳಿಗ್ಗೆ ಬಂದ್ರೆ ವಾಚು ನಾನು ಎರಡರಿಂದ ನಾಲ್ಕರ ತನಕ ಗಾಢ ನಿದ್ದೆ ಮಾಡಿದ್ದೇನೆ ಅಂತ ಹೇಳಿತು. ಚೆಂಡೆ ಪೆಟ್ಟಿಗೆ! (ಸ್ವಲ್ಪ ತೂಕಡಿಸಿದ್ದು ನಿಜ.)

ಬ್ಯಾಟರಿ ತೊಂದರೆ ಇಲ್ಲ, ಹಾಫ್ ದೂರ ಅಂದ್ರೆ 1.9 ಕಿಮೀ ಈಜು, 90 ಕಿಮೀ ಸೈಕಲ್, 21.1 ಕಿಮೀ ಓಟ ಒಮ್ಮೆ ನಾವೇ ನಾಲ್ಕು ಜನ ಸೇರಿ ಮುಗಿಸಿದೆವು, ಏಳೂಕಾಲು ಗಂಟೆ ಆದ ಮೇಲೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ನನ್ನದು ಉಳಿದಿರ್ಲಿಲ್ಲ.

ಇನ್ನು ಉಪ್ಪು. ಬದಿಯಲ್ಲಿ ಸೂಜಿ ಮೊನೆಯಷ್ಟು ತೂತುಗಳುಂಟು, ಗಾಳಿಯ ಒತ್ತಡ ನೋಡಿ ಎತ್ತರ ಹೇಳುವ ಸೆನ್ಸರಿನದ್ದು. ಅದಕ್ಕೆ ಉಪ್ಪು ಕಟ್ಟಿದ್ರೆ ಮುಗೀತು, ಒಂದು ದಿನ ಕುಳೂರು ಸಂಕದ ಮೇಲೆ ಹೋಗುವಾಗ ನನ್ನನ್ನು ಸಮುದ್ರ ಮಟ್ಟಕ್ಕಿಂತ 38 ಮೀಟರ್ ಕೆಳಗೆ ತೋರಿಸಿತು, ಆಗುಂಬೆ ಘಾಟಿಯ 14 ತಿರುವು ಹತ್ತಿದ ದಿನ ಅರ್ಧ ಘಾಟಿ ಮಾತ್ರ ಲೆಕ್ಕಕ್ಕೆ ಬಂತು. ಪ್ರತಿ ಸಲ ಸಮುದ್ರದಿಂದ ಬಂದ ಮೇಲೆ ಸಿಹಿನೀರಲ್ಲಿ ಹತ್ತು ನಿಮಿಷ ಮುಳುಗಿಸಿಡ್ಬೇಕು, ತೂತಿಗೆ ಸೂಜಿ ಹಾಕ್ಲೇಬಾರ್ದು. ನಾನು ಮೊದಲ ಐದಾರು ತಿಂಗಳು ಈ ಕೆಲಸ ಮಾಡ್ಲಿಲ್ಲ, ಐವತ್ತು ಮೀಟರ್ ವಾಟರ್‌ಪ್ರೂಫ್ ಅಂತ ಬರೆದುಂಟಲ್ಲ ಅನ್ನುವ ಧೈರ್ಯ. ಎಡಬದಿಯ ಕೆಳಗಿನ ಬಟನ್ ಸಿಕ್ಕಿಕೊಂಡಿತು. ಸರ್ವಿಸ್‌ಗೆ ಬರೆದ್ರೆ ಹೊರಗಿನ ದೇಶದಲ್ಲಿ ತಕ್ಕೊಂಡದ್ದಕ್ಕೆ ಇಲ್ಲಿ ವಾರಂಟಿ ಇಲ್ಲ, ಬೇಕಾದ್ರೆ ದುಡ್ಡು ಕೊಟ್ಟು ಬದಲಿ ವಾಚು ತಕ್ಕೊಳ್ಳಿ ಅಂತ ಉತ್ತರ, ಅವರು ಕೇಳಿದ ದುಡ್ಡಿಗೆ ಇನ್ನೊಂದು ಸ್ವಲ್ಪ ಹಾಕಿದ್ರೆ ಹೊಸದೇ ಬರ್ತದೆ. ನಾಲ್ಕು ಮೇಲ್ ಮಾಡಿದೆ, ನಾಲ್ಕಕ್ಕೂ ಒಂದೇ ಉತ್ತರ. ಗಲ್ಫಿಂದ ತರಿಸುವವರು ಇದನ್ನು ಮೊದ್ಲೇ ಕೇಳಿ ಇಟ್ಕೊಳ್ಳಿ, ಉಳಿಸಿದ ಐದಾರು ಸಾವಿರ ಇಲ್ಲೇ ಹೋಗ್ತದೆ. ಕೊನೆಗೆ ಅಮ್ಮ ಒಂದು ಗ್ಲಾಸಲ್ಲಿ ಉಗುರುಬೆಚ್ಚಗಿನ ನೀರು ಕೊಟ್ರು, ಅದ್ರಲ್ಲಿ ಮುಳುಗಿಸಿ ಹಳೇ ಟೂತ್‌ಬ್ರಶ್ಶಲ್ಲಿ ಉಜ್ಜಿ, ಒತ್ತಿ ಬಿಟ್ಟು ಒತ್ತಿ ಬಿಟ್ಟು ಅರ್ಧ ಗಂಟೆ ಕೂತೆ, ಬಿಳೀ ಪುಡಿ ಹಾಗೆ ಉಪ್ಪು ಹೊರಗೆ ಬಂತು, ಟಕ್ ಅಂತ ಬಟನ್ ಬಿಟ್ಟಿತು. ಈಗ್ಲೂ ಅದನ್ನು ಎರಡು ಸಲ ಒತ್ಬೇಕು, ಮೊದಲನೇದು ಅದಕ್ಕೆ ಕೇಳುದಿಲ್ಲ. ಪುಣ್ಯಕ್ಕೆ ಲ್ಯಾಪ್ ಬಟನ್ ಬಲಬದಿಯಲ್ಲಿ.