ಶೋಕೇಸ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ

ಅಮೆರಿಕದಲ್ಲಿದ್ದು ಮಕ್ಕಳನ್ನು ಬೇಸ್‌ಬಾಲ್‌ಗೆ ಹಾಕಿರುವ ನಮ್ಮ ಕನ್ನಡದ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದುಡ್ಡು ಕಳೆದುಕೊಂಡವನು ನಾನು, ನೋವು ತಿಂದವನು ಮಗ. ಹಾಗಾಗಿ ನಾಚಿಕೆ ಪಕ್ಕಕ್ಕಿಟ್ಟಿದ್ದೇನೆ.

ನಾವಿರುವುದು ನಾರ್ತ್ ಕ್ಯಾರೊಲೈನಾದಲ್ಲಿ. ಮಗ ಎಡಗೈ ಪಿಚರ್, ಅಂದರೆ ಬ್ಯಾಟ್ ಹಿಡಿದವನ ಕಡೆಗೆ ಚೆಂಡು ಎಸೆಯುವವನು. ಅವನು ಹತ್ತನೇ ಕ್ಲಾಸಿನಲ್ಲಿದ್ದಾಗ, ಕಳೆದ ಸೆಪ್ಟೆಂಬರ್‌ನಲ್ಲಿ, ಒಂದು ಕಂಪನಿಯಿಂದ ಇಮೇಲ್ ಬಂತು. "ನಮ್ಮ ಸ್ಕೌಟ್‌ಗಳು ನಿಮ್ಮ ಮಗನನ್ನು ಗುರುತಿಸಿದ್ದಾರೆ. ಆಯ್ದ ಹುಡುಗರಿಗೆ ಮಾತ್ರ ಈ ಆಹ್ವಾನ. ಮೇಜರ್ ಲೀಗ್ ಡ್ರಾಫ್ಟ್ ಕಡೆಗೆ ಮೊದಲ ಹೆಜ್ಜೆ." ಸ್ಕೌಟ್ ಅಂದರೆ ಒಳ್ಳೆಯ ಆಟಗಾರರನ್ನು ಹುಡುಕುವವರು. ಮೇಜರ್ ಲೀಗ್ ಇಲ್ಲಿನ ಅತಿ ದೊಡ್ಡ ವೃತ್ತಿಪರ ಬೇಸ್‌ಬಾಲ್ ಲೀಗ್, ಡ್ರಾಫ್ಟ್ ಅಂದರೆ ಅದರ ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದು. ಓದಿ ನಾನು ಉಬ್ಬಿಹೋದೆ. ಹಾಸನದಲ್ಲಿರುವ ಅಣ್ಣನಿಗೂ ಕಳಿಸಿಬಿಟ್ಟೆ. "ನಮ್ಮ ಸ್ಕೌಟ್‌ಗಳು" ಅಂದರೆ ಯಾರ ಸ್ಕೌಟ್‌ಗಳು ಅಂತ ಕೇಳಬೇಕು ಅನ್ನಿಸಲೇ ಇಲ್ಲ.

ಹುಡುಗರು ದುಡ್ಡು ಕಟ್ಟಿ ಸ್ಕೌಟ್‌ಗಳ ಮುಂದೆ ಆಟ ತೋರಿಸುವ ಇಂಥ ಕೂಟಕ್ಕೆ ಇಲ್ಲಿ ಶೋಕೇಸ್ ಅಂತಾರೆ. ನಮ್ಮ ಕಡೆ ಶೋಕೇಸ್ ಅಂದರೆ ಹಾಲ್‌ನಲ್ಲಿ ಗೊಂಬೆ, ಕಪ್ಪು, ಮದುವೆ ಫೋಟೋ ಇಡುವ ಗಾಜಿನ ಬೀರು ಅಲ್ವಾ? ಇದೂ ಹೆಚ್ಚು ಕಡಿಮೆ ಅದೇ, ಗೊಂಬೆಯ ಜಾಗದಲ್ಲಿ ಮಗ. ಪ್ರವೇಶಕ್ಕೆ 699 ಡಾಲರ್. ವಿಡಿಯೋ ಬೇಕಾದರೆ ಬೇರೆ, ಸ್ಕೌಟಿಂಗ್ ವರದಿ ಬೇಕಾದರೆ ಇನ್ನೂ ಬೇರೆ.

ಪುಳಿಯೋಗರೆ ಕಟ್ಟಿಕೊಂಡು ಜಾರ್ಜಿಯಾಕ್ಕೆ ಆರು ಗಂಟೆ ಕಾರು ಓಡಿಸಿದೆವು. ಮೊದಲು 60 ಗಜದ ಓಟ, ಆಮೇಲೆ ಒಬ್ಬೊಬ್ಬ ಪಿಚರ್‌ಗೂ ಹದಿನೈದು ಎಸೆತ. ಬಲೆಯ ಹಿಂದೆ ಮಡಚುವ ಕುರ್ಚಿಗಳಲ್ಲಿ ಒಂಬತ್ತು ಜನ, ಕೈಯಲ್ಲಿ ಎಸೆತದ ವೇಗ ಅಳೆಯುವ ರಾಡಾರ್ ಗನ್. ಒಬ್ಬರ ತಲೆಯ ಮೇಲೆ ಮೇಜರ್ ಲೀಗ್ ತಂಡದ ಟೋಪಿ. "ನೋಡೇ, ಅವರ ಕಡೆಯವರೂ ಬಂದಿದ್ದಾರೆ" ಅಂತ ಹೆಂಡತಿಗೆ ಪಿಸುಗುಟ್ಟಿದೆ. ಟೋಪಿ ಅಂಗಡಿಯಲ್ಲಿ ಸಿಗುತ್ತದೆ ಅನ್ನುವುದು ಹೊಳೆಯಲಿಲ್ಲ. ನನ್ನ ತಲೆಯ ಮೇಲಿದ್ದದ್ದೂ ಅಂಥದ್ದೇ ಟೋಪಿ! ಮಧ್ಯಾಹ್ನ ಮಾತಾಡಿಸಿದಾಗ ಗೊತ್ತಾಯಿತು, ಅವನು ಗಂಟೆ ಲೆಕ್ಕದಲ್ಲಿ ಕೆಲಸಕ್ಕೆ ಬಂದ ಕಾಲೇಜು ಹುಡುಗ.

ಅಲ್ಲಿಗೇ ನಿಲ್ಲಿಸಬೇಕಿತ್ತು. ಸೋಮವಾರ ಅವರ ಕಡೆಯಿಂದ "ಸಲಹೆಗಾರ" ಒಬ್ಬ ಫೋನ್ ಮಾಡಿದ. ಗಂಟೆಗೆ 79 ಮೈಲಿ ವೇಗ ಬಂದಿದೆ, ಇನ್ನೆರಡು ಕಡೆ ತೋರಿಸಿದರೆ ತಂಡಗಳ ಪಟ್ಟಿಗೆ ಹೆಸರು ಹೋಗುತ್ತೆ ಅಂದ. ನಾವು ಭಾರತದವರು ಅಂತ ಗೊತ್ತಾದ ಮೇಲೆ ಪಿಚರ್ ಕುಮಾರ್ ರಾಕರ್ ಹೆಸರು ತೆಗೆದ. ಅವರ ತಾಯಿ ಭಾರತೀಯ ಮೂಲದವರು, 2022ರ ಡ್ರಾಫ್ಟ್‌ನಲ್ಲಿ ಟೆಕ್ಸಸ್ ರೇಂಜರ್ಸ್ ಅವರನ್ನು 3ನೇ ಆಯ್ಕೆಯಾಗಿ ತೆಗೆದುಕೊಂಡದ್ದು ನಿಜ. ಆದರೆ ಅವರ ಅಪ್ಪ ಎನ್‌ಎಫ್‌ಎಲ್ ಅನ್ನುವ ವೃತ್ತಿಪರ ಲೀಗ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಿದವರು. ನಾನು ಹಾಸನದಲ್ಲಿ ಕೇರಂ ಆಡಿದವನು.

ಆಮೇಲೆ ಮೈಕ್ ಪಿಯಾಝಾ ಕಥೆ ಶುರು ಮಾಡಿದ. 1988ರಲ್ಲಿ 62ನೇ ಸುತ್ತಿನಲ್ಲಿ ಆಯ್ಕೆಯಾಗಿ, ಬೇಸ್‌ಬಾಲ್ ದಿಗ್ಗಜರಿಗೆ ಸಿಗುವ ಹಾಲ್ ಆಫ್ ಫೇಮ್ ಗೌರವದವರೆಗೆ ಹೋದರು, ಹಾಗಾಗಿ ಆಸೆ ಬಿಡಬಾರದು ಅಂತ. ಪಿಯಾಝಾ ಅವರನ್ನು ಡಾಡ್ಜರ್ಸ್ ತೆಗೆದುಕೊಂಡದ್ದು ಅಪ್ಪನ ಗೆಳೆಯ ಟಾಮಿ ಲಸೋರ್ಡಾ ಆ ತಂಡದ ಮ್ಯಾನೇಜರ್ ಆಗಿದ್ದರಿಂದ. ನಮ್ಮ ಭಾಷೆಯಲ್ಲಿ ವಶೀಲಿ. ಅದೂ ಹೋಗಲಿ, 2021ರಿಂದ ಡ್ರಾಫ್ಟ್‌ನಲ್ಲಿ ಇರುವುದೇ 20 ಸುತ್ತು. 30 ತಂಡ ಸೇರಿ ವರ್ಷಕ್ಕೆ 600 ಚಿಲ್ಲರೆ ಹುಡುಗರು, ಅದರಲ್ಲೂ ಜಾಸ್ತಿ ಕಾಲೇಜಿನವರು. ಇದನ್ನೆಲ್ಲ ಓದಿಕೊಂಡದ್ದು ದುಡ್ಡು ಕೊಟ್ಟ ಮೇಲೆ. ಹೈಸ್ಕೂಲ್ (ಇಲ್ಲಿ ಹನ್ನೆರಡನೇ ಕ್ಲಾಸಿನವರೆಗೆ) ಮುಗಿಸದ ಹುಡುಗನನ್ನು ಯಾವ ತಂಡವೂ ಡ್ರಾಫ್ಟ್ ಮಾಡುವಂತಿಲ್ಲ ಅನ್ನುವುದೂ ಆಗಲೇ ಗೊತ್ತಾದದ್ದು. ಮಗನಿಗೆ ಇನ್ನೂ ಎರಡು ವರ್ಷಕ್ಕೂ ಹೆಚ್ಚು ಇತ್ತು!

ನವೆಂಬರ್ ಕೊನೆಯ ಹೊತ್ತಿಗೆ ಮೂರು ಶೋಕೇಸ್ ಮುಗಿದವು. ಹೋಟೆಲು, ಪೆಟ್ರೋಲು ಸೇರಿ 4,600 ಡಾಲರ್. ಕೊನೆಗೆ ಸ್ಕೌಟಿಂಗ್ ವರದಿ ಬಂತು. ಹೆಂಡತಿ ಗಟ್ಟಿಯಾಗಿ ಓದುತ್ತಾ ನಿಲ್ಲಿಸಿದಳು. "ರೀ, ಬಲಗೈ ಪಿಚರ್ ಅಂತ ಬರೆದಿದ್ದಾರಲ್ರೀ." ಪರಿಚಯದ ತೆಲುಗಿನವರೊಬ್ಬರ ಮಗನ ವರದಿ ತರಿಸಿ ನೋಡಿದೆವು. ಹೆಸರು, ಎತ್ತರ ಬಿಟ್ಟರೆ ಅಕ್ಷರಕ್ಕಕ್ಷರ ಅದೇ.

ಅದೇ ವಾರ ಮಗ ಬ್ರಷ್ಷನ್ನು ಬಲಗೈಯಲ್ಲಿ ಹಿಡಿದು ಹಲ್ಲುಜ್ಜುತ್ತಿದ್ದ. ಅವನಮ್ಮ ಕೇಳಿದರೆ "ಏನಿಲ್ಲಮ್ಮ" ಅಂದ. ಎರಡನೇ ಶೋಕೇಸ್‌ನಿಂದಲೇ ಎಡ ಮೊಣಕೈ ನೋಯುತ್ತಿತ್ತಂತೆ. ಅಪ್ಪ ದುಡ್ಡು ಕಟ್ಟಿದ್ದಾರೆ ಅಂತ ಬಾಯಿ ಬಿಟ್ಟಿರಲಿಲ್ಲ. ಎಂಆರ್‌ಐನಲ್ಲಿ ಲಿಗಮೆಂಟ್ ಹರಿದಿಲ್ಲ, ಎಳೆದಿದೆ ಅಂತ ಬಂತು. ಮೂರು ತಿಂಗಳು ಚೆಂಡು ಮುಟ್ಟುವ ಹಾಗಿಲ್ಲ. ಹರಿದಿದ್ದರೆ ಟಾಮಿ ಜಾನ್ ಅನ್ನುವ ಮೊಣಕೈ ಲಿಗಮೆಂಟ್ ಆಪರೇಷನ್, ವರ್ಷ ಪೂರ್ತಿ ಆಟ ಇಲ್ಲ. ಮೇಜರ್ ಲೀಗ್ ಮತ್ತು ದೇಶದ ಬೇಸ್‌ಬಾಲ್ ಸಂಸ್ಥೆಯಾದ ಯುಎಸ್‌ಎ ಬೇಸ್‌ಬಾಲ್ ಸೇರಿ 2014ರಲ್ಲೇ ಪಿಚ್ ಸ್ಮಾರ್ಟ್ ಅಂತ ಮಾರ್ಗಸೂಚಿಗಳನ್ನು ತಂದಿವೆ. ಹುಡುಗರು ವರ್ಷಕ್ಕೆ ನಾಲ್ಕು ತಿಂಗಳಾದರೂ ಪಿಚಿಂಗ್ ಬಿಡಬೇಕು, ಅದರಲ್ಲಿ ಎರಡು ಮೂರು ತಿಂಗಳು ಒಂದೇ ಸಮ ಎಸೆಯುವುದನ್ನೇ ನಿಲ್ಲಿಸಬೇಕು ಅಂತ. ಕೈಗೆ ವಿಶ್ರಾಂತಿ ಕೊಡಬೇಕಾದ ತಿಂಗಳುಗಳಲ್ಲೇ ನಾನು ಅವನನ್ನು ಊರೂರು ಸುತ್ತಿಸಿದ್ದೆ.

ಕೊನೆಗೆ ಸ್ಕೂಲ್ ಕೋಚ್ ಹತ್ತಿರ ಹೋದೆ. ಮೊದಲೇ ಹೋಗಬೇಕಿತ್ತು. ಅವರು ನಗಲಿಲ್ಲ, ಪುಣ್ಯ. ತಂಡದ ಸ್ಕೌಟ್‌ಗೆ ಸಂಬಳ ಕೊಡುವುದು ತಂಡ, ಹುಡುಗನ ಅಪ್ಪ ಅಲ್ಲ ಅಂದರು. ಪ್ರತಿ ತಂಡಕ್ಕೂ ಆಯಾ ಪ್ರದೇಶಕ್ಕೆ ಅಂತ ಒಬ್ಬ ಏರಿಯಾ ಸ್ಕೌಟ್ ಇರುತ್ತಾನೆ. ಹುಡುಗ ಕಣ್ಣಿಗೆ ಬಿದ್ದರೆ ಅವನೇ ಕೋಚ್‌ಗೆ ಫೋನ್ ಮಾಡಿ ಯಾವತ್ತು ಪಿಚ್ ಮಾಡುತ್ತಾನೆ ಅಂತ ಕೇಳುತ್ತಾನೆ. ಸ್ಕೂಲ್ ಮ್ಯಾಚಿಗೆ ಬಂದು ಬೇಲಿ ಹಿಂದೆ ನಿಲ್ಲುತ್ತಾನೆ. ಇಷ್ಟವಾದರೆ ಮನೆಗೂ ಬರುತ್ತಾನೆ. ಒಂದು ಡಾಲರ್ ಕೇಳುವುದಿಲ್ಲ. 79 ಮೈಲಿಗೆ ಯಾರೂ ಬರುವುದಿಲ್ಲ ಅಂತಲೂ ಮೆತ್ತಗೆ ಹೇಳಿದರು.

ಎಲ್ಲ ಶೋಕೇಸೂ ಮೋಸ ಅನ್ನುತ್ತಿಲ್ಲ. ಅಕ್ಟೋಬರ್‌ನಲ್ಲಿ ಫ್ಲಾರಿಡಾದ ಜುಪಿಟರ್‌ನಲ್ಲಿ ನಡೆಯುವ ಟೂರ್ನಿಗೆ ನಿಜವಾದ ಸ್ಕೌಟ್‌ಗಳು ಗಾಲ್ಫ್ ಕಾರ್ಟ್‌ಗಳಲ್ಲಿ ಸಾಲುಗಟ್ಟಿ ಬರುತ್ತಾರೆ. ಕೆಲವು ಶೋಕೇಸ್‌ಗಳಿಗೆ ಕಾಲೇಜು ಕೋಚ್‌ಗಳೂ ಬರುತ್ತಾರೆ. ದುಡ್ಡು ಕಟ್ಟುವ ಮುಂಚೆ ಯಾವ ತಂಡದಿಂದ, ಯಾವ ಕಾಲೇಜಿನಿಂದ ಯಾರು ಬರುತ್ತಾರೆ ಅಂತ ಹೆಸರು ಕೇಳಿ. ನಾನು ತಡವಾಗಿ ಕೇಳಿದೆ. "ಅದು ಗೌಪ್ಯ ಸರ್" ಅಂದರು.

ಹೋದ ತಿಂಗಳು ಸುಮ್ನೆ ಪರೀಕ್ಷೆಗೆ ಅಂತ ಅದೇ ಕಂಪನಿಯ ಫಾರ್ಮನ್ನು ನನ್ನ ಹೆಸರಿನಲ್ಲೇ ತುಂಬಿದೆ. ಎಸೆತದ ವೇಗ ಅನ್ನುವಲ್ಲಿ ಗಂಟೆಗೆ 41 ಮೈಲಿ ಅಂತ ಬರೆದೆ. ಎಂಟು ವರ್ಷದ ಹುಡುಗರೂ ಅಷ್ಟು ಎಸೆಯುತ್ತಾರೆ. ಮೂರನೇ ದಿನ ಇಮೇಲ್ ಬಂತು. ನಮ್ಮ ಸ್ಕೌಟ್‌ಗಳು ನಿಮ್ಮನ್ನು ಗುರುತಿಸಿದ್ದಾರೆ, ಜಾಗ ಕಡಿಮೆ ಇದೆ, ಬೇಗ ಹೆಸರು ನೋಂದಾಯಿಸಿ.