ಪಿಒಇ ಸರ್ಜ್ ಪ್ರೊಟೆಕ್ಟರ್: ಅರ್ತಿಂಗ್ ಸರಿ ಇದ್ರೆ ಮಾತ್ರ ತಗೊಳ್ಳಿ

ಚಿಂತಾಮಣಿ ಹತ್ರ ನಮ್ ಮನೆಯಿಂದ ತೋಟದ ಬೋರ್‌ವೆಲ್ ಶೆಡ್‌ಗೆ ವೈರ್‌ಲೆಸ್ ಲಿಂಕ್ ಇದೆ, ಅದರ ಪಿಒಇ ಕೇಬಲ್‌ಗೆ (ಡೇಟಾ ಜೊತೆ ಕರೆಂಟೂ ಹೋಗೋ ನೆಟ್‌ವರ್ಕ್ ಕೇಬಲ್) ಸರ್ಜ್ ಅಂದ್ರೆ ದಿಢೀರ್ ಏರೋ ವೋಲ್ಟೇಜ್ ತಡೆಯೋ ಈ ಪ್ರೊಟೆಕ್ಟರ್, ಮನೆ ಪಕ್ಕದ ಕಂಬದ ರೇಡಿಯೋ ಹತ್ರ ಒಂದು, ಕೇಬಲ್ ಮನೆಯೊಳಗೆ ಬರೋ ಕಡೆ ಇನ್ನೊಂದು ಹಾಕ್ಸಿದ್ವಿ. ಏಪ್ರಿಲ್ ಮೇ ಗುಡುಗು ಸಿಡಿಲೆಲ್ಲ ಮುಗೀತು, ರೇಡಿಯೋ, ನೆಟ್‌ವರ್ಕ್ ಸ್ವಿಚ್ ಎರಡೂ ಚೆನ್ನಾಗಿವೆ. ಬಾಕ್ಸ್ ಗಟ್ಟಿ ಇದೆ. ಆದ್ರೆ ದಯವಿಟ್ಟು ಕೇಳಿ, ಇದರ ಹಸಿರು ವೈರನ್ನ ಅರ್ತಿಂಗ್‌ಗೆ ಕೊಡದೆ ಹಾಕಿದ್ರೆ ಏನೂ ಪ್ರಯೋಜನ ಇಲ್ಲ, ಒಳಗಿರೋ ಗ್ಯಾಸ್ ಟ್ಯೂಬ್ ಹೆಚ್ಚಾದ ವೋಲ್ಟೇಜನ್ನ ನೆಲಕ್ಕೆ ಇಳಿಸೋಕೆ ದಾರಿ ಬೇಕಲ್ವಾ, ಆ ವೈರ್ ಚಿಕ್ಕದಾಗಿ ನೇರವಾಗಿ ಇರ್ಲಿ, ಸುತ್ತಿ ಬಿಡ್ಬೇಡಿ, ಕಂಬಕ್ಕೆ ಬೇರೆ ರಾಡ್ ಹೊಡೆದಿದ್ರೆ ಅದನ್ನ ಮನೆ ಅರ್ತ್‌ಗೂ ತಾಮ್ರದ ವೈರಲ್ಲಿ ಸೇರಿಸ್ಲೇಬೇಕು. ನಮ್ ಕಡೆ ಒಣ ನೆಲ, ಬೇಸಿಗೇಲಿ ಅರ್ತಿಂಗ್ ಗುಂಡಿಗೆ ನೀರು ಬಿಡ್ತಾ ಇರಿ. ನೇರವಾಗಿ ಸಿಡಿಲು ಹೊಡೆದ್ರೆ ಇದು ತಡೆಯಲ್ಲ, ಹತ್ರ ಎಲ್ಲೋ ಬಿದ್ದಾಗ ಕೇಬಲ್‌ಗೆ ನುಗ್ಗೋ ಸರ್ಜ್‌ಗೆ ಮಾತ್ರ.